ಸಾಕು ಬೆಕ್ಕಿನ ಆರೋಗ್ಯ: ಮನೆಯಲ್ಲಿಯೇ ಮಾಡಬಹುದಾದ ತಪಾಸಣೆ

ಸಕಲೇಶಪುರ ತಾಲ್ಲೂಕಿನ ದೋಣಿಗಲ್ ಹಾಗೂ ಸುತ್ತಲಿನ ಮಲೆನಾಡು ಗ್ರಾಮಗಳಲ್ಲಿ ಬೆಕ್ಕು ಕೇವಲ ಮುದ್ದಿನ ಪ್ರಾಣಿಯಲ್ಲ. ಭತ್ತದ ಕಣಜವನ್ನೂ ಅಡುಗೆ ಮನೆಯನ್ನೂ ಇಲಿಗಳಿಂದ ಕಾಯುವ ಕೆಲಸ ಅದರದ್ದು. ಹಸುವಿನ ಹಾಲು ಕಡಿಮೆಯಾದರೆ ಅದೇ ದಿನ ಮನೆಯವರಿಗೆ ತಿಳಿಯುತ್ತದೆ. ಬೆಕ್ಕಿನ ಕಾಯಿಲೆ ಹಾಗಲ್ಲ. ನೋವಿರುವ ಬೆಕ್ಕು ಕೂಗದೆ ಅಟ್ಟದಲ್ಲೋ ಸೌದೆಯ ಸಂದಿಯಲ್ಲೋ ಅಡಗಿ ಕೂರುತ್ತದೆ. ಮಳೆಗಾಲದಲ್ಲಿ ಚಿಕಿತ್ಸೆಗೆ ಕೊಂಡೊಯ್ಯುವುದೂ ಸುಲಭವಲ್ಲ. 2021ರ ಜುಲೈನಲ್ಲಿ ದೋಣಿಗಲ್ ಬಳಿ ರಾಷ್ಟ್ರೀಯ ಹೆದ್ದಾರಿ 75 ಕುಸಿದು ವಾಹನ ಸಂಚಾರವನ್ನು ನಿಲ್ಲಿಸಬೇಕಾಯಿತು. ಆದ್ದರಿಂದ ವಾರಕ್ಕೊಮ್ಮೆ ಬೆಕ್ಕನ್ನು ಪರೀಕ್ಷಿಸಿ, ರೋಗವನ್ನು ಆರಂಭದಲ್ಲಿಯೇ ಗುರುತಿಸುವುದು ಅಗತ್ಯ.

ತಪಾಸಣೆಯ ಕ್ರಮ

ಬೆಕ್ಕನ್ನು ಹಿಡಿಯುವ ಮೊದಲು ದೂರದಿಂದ ಗಮನಿಸಬೇಕು. ನಿದ್ರಿಸುತ್ತಿರುವಾಗ ಎದೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿದರೆ ಉಸಿರಾಟ 30ನ್ನು ಮೀರಬಾರದು. ಬಾಯಿ ತೆರೆದು ಏದುಸಿರು ಬಿಡುವುದು ತುರ್ತು ಸ್ಥಿತಿಯ ಲಕ್ಷಣ. ನಂತರ ತುಟಿಯನ್ನು ಮೇಲೆತ್ತಿ ವಸಡನ್ನು ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡುಗಳೊಳಗೆ ಗುಲಾಬಿ ಬಣ್ಣ ಮರಳಬೇಕು. ವಸಡು ಬಿಳಿಚಿದ್ದರೆ ರಕ್ತಹೀನತೆಯನ್ನೂ, ಹಳದಿಯಾಗಿದ್ದರೆ ಕಾಮಾಲೆಯನ್ನೂ ಶಂಕಿಸಬೇಕು. ಮೂಗು ಒಣಗಿದ್ದರೆ ಜ್ವರವೆಂಬ ನಂಬಿಕೆ ಸರಿಯಲ್ಲ. ಗುದದ್ವಾರದಲ್ಲಿ ಥರ್ಮಾಮೀಟರ್ ಇರಿಸಿದಾಗ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಸಹಜ.

ಕಿವಿಯೊಳಗೆ ಕಾಫಿ ಪುಡಿಯಂತಹ ಕಪ್ಪು ಕೊಳೆ ಕಂಡರೆ ಅದು ಕಿವಿ ನುಸಿಯ ಬಾಧೆಯಾಗಿರಬಹುದು. ತೋಟ ಸುತ್ತಿ ಬಂದ ಬೆಕ್ಕಿನ ಕಾಲ್ಬೆರಳ ಸಂದು, ಕತ್ತು ಮತ್ತು ಕಿವಿಯ ಹಿಂಬದಿಯಲ್ಲಿ ಇಂಬಳ ಹಾಗೂ ಉಣ್ಣೆಗಳನ್ನು ಹುಡುಕಬೇಕು. ಉಣ್ಣೆಯನ್ನು ಬರಿಗೈಯಿಂದ ಹಿಸುಕದೆ ಚಿಮಟದಿಂದ ಚರ್ಮದ ಬುಡದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆಯುವುದು ಕ್ಷೇಮ. ತಿಂಗಳಿಗೊಮ್ಮೆ ಬೆಕ್ಕನ್ನು ಚೀಲದಲ್ಲಿ ಕೂರಿಸಿ ತೂಗಿ ಬರೆದಿಡಬೇಕು. ನಾಲ್ಕು ಕಿಲೋ ತೂಕದ ಬೆಕ್ಕು 400 ಗ್ರಾಂ ಇಳಿದರೆ ಅದು ಅಲ್ಪ ವಿಷಯವಲ್ಲ. ದಟ್ಟ ರೋಮದಿಂದಾಗಿ ಕಣ್ಣಿಗೆ ಮಾತ್ರ ತಿಳಿಯದು.

ತಡಮಾಡಬಾರದ ಸಂದರ್ಭಗಳು

ಗಂಡು ಬೆಕ್ಕು ಬೂದಿಯಲ್ಲೋ ಮಣ್ಣಿನಲ್ಲೋ ಪದೇ ಪದೇ ಕುಳಿತು ತಿಣುಕುತ್ತಿದ್ದರೆ ಮಲಬದ್ಧತೆಯೆಂದು ಭಾವಿಸುವುದು ಸಾಮಾನ್ಯ ತಪ್ಪು. ಅದು ಮೂತ್ರನಾಳ ಕಟ್ಟಿಕೊಂಡಿರುವ ಲಕ್ಷಣವಾಗಿರಬಹುದು. ಚಿಕಿತ್ಸೆ ದೊರೆಯದಿದ್ದರೆ ಒಂದೆರಡು ದಿನಗಳಲ್ಲಿ ಪ್ರಾಣಕ್ಕೇ ಅಪಾಯ. ಇಡೀ ದಿನ ಆಹಾರ ಮುಟ್ಟದಿದ್ದರೂ ವೈದ್ಯರಿಗೆ ತೋರಿಸಬೇಕು. ವಿಶೇಷವಾಗಿ ದಪ್ಪನೆಯ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಹೊಸ ಕಾಯಿಲೆಯೇ ಉಂಟಾಗುತ್ತದೆ.

ಇಲಿ ಪಾಷಾಣವಿಟ್ಟ ಮನೆಗಳಲ್ಲಿ ಸತ್ತ ಇಲಿಗಳನ್ನು ಹೂಳಬೇಕು. ಬೆಕ್ಕು ವಿಷ ಸೇವಿಸಿರುವ ಶಂಕೆಯಿದ್ದರೆ ಪಾಷಾಣದ ಪೊಟ್ಟಣವನ್ನೂ ವೈದ್ಯರ ಬಳಿ ಒಯ್ಯುವುದು ಉಪಯುಕ್ತ.

ಮನುಷ್ಯರ ಜ್ವರದ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಕೂಡದು. ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಸಾವಿಗೆ ಕಾರಣವಾಗಬಲ್ಲದು. ನಾಯಿಗಳಿಗೆಂದು ತಯಾರಿಸಿದ, ಪರ್ಮೆಥ್ರಿನ್ ಇರುವ ಉಣ್ಣೆ ಔಷಧವೂ ಬೆಕ್ಕಿಗೆ ವಿಷ.

ರೇಬೀಸ್ ಬಗ್ಗೆ ಎಚ್ಚರಿಕೆ

ಸಾಧು ಬೆಕ್ಕು ಇದ್ದಕ್ಕಿದ್ದಂತೆ ಮೈಮೇಲೆ ಎರಗಿದರೆ, ಜೊಲ್ಲು ಸುರಿಸುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಗಂಟಲಲ್ಲಿ ಮುಳ್ಳು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಕೂಡದು. ಅದನ್ನು ಕೋಣೆಯಲ್ಲಿ ಕೂಡಿಹಾಕಿ ಪಶುವೈದ್ಯರಿಗೆ ತಿಳಿಸತಕ್ಕದ್ದು. ಕಚ್ಚಿದ ಅಥವಾ ಪರಚಿದ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ತೆರಳಿ ಲಸಿಕೆ ಪಡೆಯಬೇಕು. ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯರಲ್ಲಿಯೂ ರೇಬೀಸ್ ಬಹುತೇಕ ಮಾರಣಾಂತಿಕ. ಬೆಕ್ಕಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬೀಸ್ ಲಸಿಕೆಯನ್ನೂ, ಬಳಿಕ ಪಶುವೈದ್ಯರ ಸಲಹೆಯಂತೆ ಮರುಲಸಿಕೆಯನ್ನೂ ಹಾಕಿಸಿ, ದಿನಾಂಕವನ್ನು ತೂಕದ ಪುಸ್ತಕದಲ್ಲಿಯೇ ಬರೆದಿಡಬಹುದು.