ಔಷಧಶೋಧನೆಯಲ್ಲಿ ಪರೀಕ್ಷೆಯ ಸ್ಥಾನ: ಪ್ರಾಂಟೊಸಿಲ್ ಚರಿತ್ರೆಯ ಒಂದು ವಿಚಾರ

ಇಂದಿನ ಔಷಧಶೋಧನಾಲಯಗಳಲ್ಲಿ 1536 ಕಿರುಗುಳಿಗಳುಳ್ಳ ಫಲಕಗಳನ್ನು ಬಳಸಿ ಯಂತ್ರಗಳು ದಿನವೊಂದಕ್ಕೆ ಲಕ್ಷದಷ್ಟು ಸಂಯುಕ್ತಗಳನ್ನು ಪರೀಕ್ಷಿಸಬಲ್ಲವು. ಆದರೆ ಶೋಧನೆಯ ಫಲವು ಸಂಖ್ಯೆಯೊಂದನ್ನೇ ಅವಲಂಬಿಸಿಲ್ಲವೆಂಬುದನ್ನು ಪ್ರಾಂಟೊಸಿಲ್ ಎಂಬ ಔಷಧದ ಚರಿತ್ರೆಯಿಂದ ನಾವು ಅರಿಯಬಹುದಾಗಿದೆ.

ಜರ್ಮನಿಯ ಎಲ್ಬರ್‌ಫೆಲ್ಡ್‌ನಲ್ಲಿದ್ದ ಬಾಯರ್ ಪ್ರಯೋಗಶಾಲೆಯಲ್ಲಿ ಮೀಟ್ಷ್ ಮತ್ತು ಕ್ಲಾರರ್ ಎಂಬ ರಸಾಯನವಿಜ್ಞಾನಿಗಳು ಹೊಸ ಹೊಸ ವರ್ಣದ್ರವ್ಯಗಳನ್ನು ತಯಾರಿಸುತ್ತಿದ್ದರು. ಗೆರ್ಹಾರ್ಟ್ ಡೋಮಾಕ್ ಅವರು ಅವನ್ನು ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿಸಿದ ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದರು. 1932ರ ಡಿಸೆಂಬರಿನಲ್ಲಿ ಒಂದು ಕೆಂಪು ವರ್ಣದ್ರವ್ಯವನ್ನು ಪಡೆದ ಇಲಿಗಳು ಬದುಕಿದವು, ಪಡೆಯದವು ಸತ್ತವು. ಆದರೆ ಅದೇ ದ್ರವ್ಯವು ಪ್ರನಾಳದಲ್ಲಿ ಆ ರೋಗಾಣುಗಳನ್ನು ಕೊಲ್ಲಲಿಲ್ಲ!

ಈ ವೈರುಧ್ಯದ ಕಾರಣವನ್ನು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಟ್ರೆಫುವೆಲ್ ದಂಪತಿಗಳು, ನಿಟ್ಟಿ ಮತ್ತು ಬೊವೆ ಅವರು 1935ರಲ್ಲಿ ಸ್ಪಷ್ಟಪಡಿಸಿದರು. ದೇಹವು ಪ್ರಾಂಟೊಸಿಲನ್ನು ಒಡೆದು ಸಲ್ಫನಿಲಮೈಡನ್ನು ಬಿಡುಗಡೆಮಾಡುತ್ತದೆ, ಗುಣಕಾರಿಯಾದದ್ದು ಅದೇ. ವಿಯೆನ್ನಾದ ಪಾಲ್ ಗೆಲ್ಮೊ ಅವರು ಅದನ್ನು 1908ರಲ್ಲಿಯೇ ತಯಾರಿಸಿದ್ದರೂ, ಅದರ ಈ ಶಕ್ತಿಯು ಕಾಲು ಶತಮಾನಕ್ಕೂ ಮಿಕ್ಕಿ ಅಜ್ಞಾತವಾಗಿಯೇ ಉಳಿದಿತ್ತು.

ಪ್ರನಾಳದ ಪರೀಕ್ಷೆಯೊಂದನ್ನೇ ನಂಬಿದ್ದರೆ ಪ್ರಾಂಟೊಸಿಲ್ ನಿರುಪಯುಕ್ತವೆಂದು ತಿರಸ್ಕೃತವಾಗುತ್ತಿತ್ತು. ಪರೀಕ್ಷೆಯು ನಾವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಆದುದರಿಂದ ಲಕ್ಷ ಗುಳಿಗಳಲ್ಲಿ ಔಷಧವನ್ನರಸುವವರು ಮೊದಲು ತಮ್ಮ ಪ್ರಶ್ನೆಯನ್ನು ವಿಮರ್ಶಿಸಿಕೊಳ್ಳುವುದು ಅವಶ್ಯಕ.