ಒಣ ಕೊರಕಲಿನಲ್ಲಿ ಮಳೆಕಾಡು

ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದ ಬ್ಲ್ಯಾಕ್ ಮೌಂಟನ್ ತಪ್ಪಲಲ್ಲಿ 1949ರಲ್ಲಿ ಪ್ರಧಾನಿ ಬೆನ್ ಚಿಫ್ಲಿ ಒಂದು ಗಿಡ ನೆಟ್ಟರು. ಆ ದೇಶದ ಸ್ವಂತ ಸಸ್ಯಗಳಿಗೇ ಮೀಸಲಾದ ರಾಷ್ಟ್ರೀಯ ಸಸ್ಯೋದ್ಯಾನಕ್ಕೆ ಅದು ನಾಂದಿ. ಯುರೋಪಿನ ಮರಗಳನ್ನು ಆಸೆಪಟ್ಟು ಬೆಳೆಸುತ್ತಿದ್ದ ನಾಡಿನಲ್ಲಿ ಅದು ದಿಟ್ಟ ನಿರ್ಧಾರವೇ ಸರಿ.

ತೊಡಕಿದ್ದದ್ದು ಹವೆಯಲ್ಲಿ. ಮಳೆ ಕಡಿಮೆ, ಚಳಿಗಾಲದಲ್ಲಿ ಇಬ್ಬನಿಯೂ ಹೆಪ್ಪುಗಟ್ಟುತ್ತದೆ. ಅಂಥಲ್ಲಿ ಒಂದು ಒಣ ಕೊರಕಲನ್ನು ಮಳೆಕಾಡಾಗಿಸುವ ಕೆಲಸ 1960ರ ದಶಕದಲ್ಲಿ ನಡೆಯಿತು. ನೆರಳಿಗೆ ಮರಗಳು ಬೆಳೆಯಬೇಕು, ಮಂಜಿನಂತೆ ನೀರು ಸಿಂಪಡಿಸಬೇಕು. ತೇವ ನಿಂತರಷ್ಟೇ ಮರದೆತ್ತರದ ಜರೀಗಿಡಗಳು ಉಳಿದಾವು. ಈಗ ಕೊರಕಲಿನ ತಗ್ಗಿನಲ್ಲಿ ಟಾಸ್ಮೇನಿಯದ ಸಸ್ಯಗಳು, ಮೇಲೇರಿದಂತೆ ಕ್ವೀನ್ಸ್‌ಲ್ಯಾಂಡಿನವು. ಇಷ್ಟು ತಾಳ್ಮೆಯ ತೋಟಗಾರಿಕೆ ಅಪರೂಪ.

ಉದ್ಯಾನ ಅಧಿಕೃತವಾಗಿ ಉದ್ಘಾಟನೆಯಾದದ್ದು 1970ರಲ್ಲಿ. ದೇಶದ ನಡುಭಾಗದ ಮರುಭೂಮಿಯನ್ನು ಕೆಂಪು ಮರಳಿನಲ್ಲಿ ಕಟ್ಟಿಕೊಡುವ ‘ರೆಡ್ ಸೆಂಟರ್’ ತೋಟ 2013ರಲ್ಲಿ ಸೇರಿತು.