ಸಲೀನಾಸ್ ಕಣಿವೆಯ ಬೆಳೆಯೂ ಬಿಡಾರವೂ

ಅಮೇರಿಕಾ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಶಾಂತಸಾಗರದ ದಡದ ಮೇಲೆ, ಮಾಂಟೆರೆ ಎಂಬುದೊಂದು ಕೌಂಟಿಯಿದೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗವೆಂದು ತಿಳಿದರೆ ಸಾಕು. ಅಲ್ಲಿ ಹರಿಯುವ ಸಲೀನಾಸ್ ಹೊಳೆಯ ಕಣಿವೆ ಸುಮಾರು 90 ಮೈಲಿ ಉದ್ದವಾಗಿದೆ. ಕಡಲಿನಿಂದ ಬೀಸುವ ಮಂಜುಗಾಳಿಯ ದೆಸೆಯಿಂದ ನಡುಬೇಸಗೆಯಲ್ಲಿಯೂ ಕಣಿವೆಯ ಬಡಗಣ ಭಾಗ ತಂಪಾಗಿರುತ್ತದೆ. ಆದಕಾರಣ ಹಸಿಯಾಗಿಯೇ ತಿನ್ನುವ ಲೆಟಿಸ್ ಸೊಪ್ಪು, ಹೂಕೋಸು, ಸ್ಟ್ರಾಬೆರಿ ಹಣ್ಣು ಮೊದಲಾದವು ಅಲ್ಲಿ ಹುಲುಸಾಗಿ ಬೆಳೆಯುತ್ತವೆ. ವರ್ಷವೊಂದಕ್ಕೆ ಆ ಕೌಂಟಿಯ ಬೆಳೆಯ ಬೆಲೆ 400 ಕೋಟಿ ಡಾಲರುಗಳಿಗೂ ಹೆಚ್ಚು. ಇಂತಹ ನೆಲದಲ್ಲಿ ಬೆಳೆಯನ್ನು ಕೊಯ್ಯುವವನಿಗೆ ಮಾತ್ರ ತಲೆಯೂರಲು ಜಾಗ ಸಿಕ್ಕದು. ಅದೇ ಕೌಂಟಿಯ ಕಡಲಂಚಿನಲ್ಲಿ ಪೆಬಲ್ ಬೀಚ್, ಕಾರ್ಮೆಲ್ ಎಂಬ ಸಿರಿವಂತರ ನೆಲೆಗಳಿವೆ. ಕಣಿವೆಯಲ್ಲಿ ಮೋಟಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಒಂದು ಸಂಸಾರ ಬಾಡಿಗೆಗೆ ಇರುತ್ತದೆ. ಇದು ಬರಿಯ ಮಾರುಕಟ್ಟೆಯ ಲೀಲೆಯೆಂದು ಹೇಳಿಬಿಡುವುದು ಸುಲಭ. ಆದರೆ ನೂರೆಪ್ಪತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ, ಮಾರುಕಟ್ಟೆಗಿಂತ ಮೊದಲು ಕಾಯಿದೆಯೇ ಅಲ್ಲಿ ಕೆಲಸಮಾಡಿದಂತೆ ಕಾಣುತ್ತದೆ.

1770ರಲ್ಲಿ ಸ್ಪೇನಿನ ಪಾದ್ರಿಗಳು ಮಾಂಟೆರೆಯಲ್ಲಿ ಮಠವನ್ನು ಸ್ಥಾಪಿಸಿದರು. ಅಲ್ಲಿಯ ಮೂಲನಿವಾಸಿಗಳು ತಮ್ಮ ನೆಲದಲ್ಲಿಯೇ ಮಠದ ಆಳುಗಳಾದರು. 1821ರ ನಂತರ ಮೆಕ್ಸಿಕೋ ಸರಕಾರ ಬಂದಿತು. ಮಠದ ಭೂಮಿಗಳು ದೊಡ್ಡ ದೊಡ್ಡ ದನಗಾವಲುಗಳಾಗಿ ಕೆಲವೇ ಮನೆತನಗಳಿಗೆ ದತ್ತಿಯಾಗಿ ಹೋದವು. 1848ರ ಒಪ್ಪಂದದಂತೆ ನಾಡು ಅಮೇರಿಕಕ್ಕೆ ಸೇರಿದಾಗ, ಮೆಕ್ಸಿಕನ್ನರ ಆಸ್ತಿಯನ್ನು ಮನ್ನಿಸುವೆವೆಂದು ಮಾತು ಕೊಡಲಾಗಿತ್ತು. ಆದರೆ 1851ರ ಭೂಕಾಯಿದೆಯು, ಪ್ರತಿಯೊಬ್ಬ ಹಿಡುವಳಿದಾರನೂ ಕಮಿಷನಿನ ಮುಂದೆ ತನ್ನ ಹಕ್ಕನ್ನು ರುಜುವಾತುಪಡಿಸಬೇಕೆಂದು ವಿಧಿಸಿತು. ಕಾಗದಗಳು ಸ್ಪ್ಯಾನಿಷ್ ಭಾಷೆಯಲ್ಲಿ, ವಿಚಾರಣೆ ಇಂಗ್ಲಿಷಿನಲ್ಲಿ. ಆಳ್ವಿಕೆಯ ಗೆರೆ ಬದಲಾದರೆ ಕಚೇರಿಯ ಭಾಷೆಯೂ ಬದಲಾಗಿ, ನಿನ್ನೆಯ ಪತ್ರ ಇಂದು ಮೂಕವಾಗುವ ಬಗೆಯನ್ನು ಗಡಿನಾಡಿನ ನಾವು ವಿವರಿಸಿಕೊಳ್ಳಬೇಕಾಗಿಲ್ಲ.

ಮಾಂಟೆರೆ ಪಟ್ಟಣದ ಸಾರ್ವಜನಿಕ ಭೂಮಿಯ ಕತೆಯಂತೂ ಕೇಳತಕ್ಕದ್ದು. ಆ ಭೂಮಿ ಪಟ್ಟಣದ್ದೇ ಎಂದು ಸ್ಥಾಪಿಸಲು ಡೆಲೋಸ್ ಆಶ್ಲೇ ಎಂಬ ವಕೀಲನನ್ನು ನೇಮಿಸಲಾಯಿತು. ಅವನು ಪಟ್ಟಣದ ಪರವಾಗಿ ವಾದಿಸಿ ಗೆದ್ದನು. ಅನಂತರ ತನ್ನ ಫೀಜನ್ನು ಕೇಳಿದನು. ಬೊಕ್ಕಸದಲ್ಲಿ ಹಣವಿರಲಿಲ್ಲ. ಆಗ, ಯಾವ ಭೂಮಿಯನ್ನು ಉಳಿಸಿಕೊಳ್ಳಲು ವಕೀಲನನ್ನು ಇಟ್ಟಿದ್ದರೋ, ಆ ಭೂಮಿಯನ್ನೇ ವಕೀಲನ ಋಣ ತೀರಿಸಲು 1859ರಲ್ಲಿ ಹರಾಜು ಹಾಕಿದರು. ಕೊಂಡವರು ಅದೇ ಆಶ್ಲೇ ಮತ್ತು ಡೇವಿಡ್ ಜಾಕ್ಸ್ ಎಂಬ ಸ್ಕಾಟ್ಲೆಂಡಿನ ವರ್ತಕ. ಸುಮಾರು 30,000 ಎಕರೆಗೆ ಕೊಟ್ಟ ಹಣ 1,002 ಡಾಲರು 50 ಸೆಂಟು. ಅಂದರೆ ಎಕರೆಗೆ ಮೂರು ಸೆಂಟಿಗಿಂತ ಸ್ವಲ್ಪ ಹೆಚ್ಚು. ಮುಂದೆ ಎಲ್ಲವೂ ಜಾಕ್ಸನ ಕೈಸೇರಿತು. ಪಟ್ಟಣದವರು ವ್ಯಾಜ್ಯ ಹೂಡಿದರೂ ಅಮೇರಿಕದ ಸರ್ವೋಚ್ಚ ನ್ಯಾಯಾಲಯ 1906ರಲ್ಲಿ ಜಾಕ್ಸನ ಕಡೆಗೇ ತೀರ್ಪಿತ್ತಿತು. ಕಾಯಿದೆಯಂತೆ ಎಲ್ಲವೂ ಸರಿಯಾಗಿತ್ತು!

ಹೀಗೆ ನೆಲ ಕೆಲವರದಾಯಿತು. ದುಡಿಯುವವರು ಹೊರಗಿನಿಂದ ಬರಬೇಕಾಯಿತು. ಸಲೀನಾಸ್, ಕ್ಯಾಸ್ಟ್ರೋವಿಲ್ ಸುತ್ತಣ ಜೌಗುನೆಲವನ್ನು ಕಾಲುವೆ ತೋಡಿ ಬಸಿದು ಸಾಗುವಳಿಗೆ ತಂದವರು ಚೀನೀ ಕೂಲಿಗಳು. 1882ರಲ್ಲಿ ಚೀನೀಯರ ವಲಸೆಗೆ ಬಾಗಿಲು ಮುಚ್ಚಿತು. 1899ರಲ್ಲಿ ಕ್ಲಾಸ್ ಸ್ಪ್ರೆಕೆಲ್ಸ್ ಎಂಬವನು ಸಲೀನಾಸಿನ ಬಳಿ ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುವ ಭಾರಿ ಕಾರ್ಖಾನೆಯನ್ನು ತೆರೆದನು. ಹೊಲಗಳಿಗೆ ಜಪಾನೀಯರು ಬಂದರು. ಅವರು ಮಿತವ್ಯಯದಿಂದ ಹಣ ಕೂಡಿಸಿ ಭೂಮಿ ಕೊಳ್ಳತೊಡಗಿದಾಗ, ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು ಸಾಗುವಳಿ ಭೂಮಿಯ ಒಡೆಯರಾಗಕೂಡದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾಯಿದೆ ಮಾಡಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯ ತೀರ್ಪು ಬಂದ ಬಳಿಕ ಅಲ್ಲಿದ್ದ ಭಾರತೀಯರೂ ಇದೇ ನಿಷೇಧಕ್ಕೆ ಒಳಗಾದರು. 1952ರವರೆಗೆ ಆ ಕಾಯಿದೆ ಬಾಳಿತು. ನಡುವೆ 1942ರ ಯುದ್ಧಕಾಲದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜಪಾನೀ ಮೂಲದವರನ್ನು ಸಲೀನಾಸಿನ ಕುದುರೆ ಪಂದ್ಯಾಟದ ಬಯಲಿನಲ್ಲಿ ಕೂಡಿಹಾಕಿ, ಅಲ್ಲಿಂದ ಅರಿಜೋನಾದ ಮರಳುಗಾಡಿಗೆ ಸಾಗಿಸಿದರು.

ಈ ಸಾಲಿನಲ್ಲಿ ಒಂದು ಅಪವಾದವಿದೆ. ಅದರಿಂದ ಉಳಿದುದೆಲ್ಲವೂ ಇನ್ನಷ್ಟು ಸ್ಪಷ್ಟವಾಗುತ್ತದೆ. 1930ರ ದಶಕದಲ್ಲಿ ಓಕ್ಲಹೋಮಾ ಮುಂತಾದ ಪ್ರಾಂತಗಳಲ್ಲಿ ಬರವೂ ಧೂಳುಗಾಳಿಯೂ ಬಡಿದು ಲಕ್ಷಾಂತರ ಬಡ ರೈತರು ಪಶ್ಚಿಮಕ್ಕೆ ಬಂದರು. ಸಲೀನಾಸಿನಲ್ಲಿಯೇ 1902ರಲ್ಲಿ ಹುಟ್ಟಿದ ಜಾನ್ ಸ್ಟೈನ್‌ಬೆಕ್ ಅವರ ಗೋಳನ್ನು ಬರೆದು ಜಗತ್ಪ್ರಸಿದ್ಧನಾದನು. ಅವರಲ್ಲಿ ಅನೇಕರು ಸಲೀನಾಸಿನ ಪೂರ್ವಕ್ಕೆ ಅಲಿಸಾಲ್ ಎಂಬಲ್ಲಿ ಕಂತಿನ ಮೇಲೆ ಚಿಕ್ಕ ಚಿಕ್ಕ ನಿವೇಶನಗಳನ್ನು ಕೊಂಡು, ಮೊದಲು ಡೇರೆ, ಆಮೇಲೆ ಹಲಗೆಯ ಗುಡಿಸಲು, ಆಮೇಲೆ ಮನೆ ಎಂಬಂತೆ ಕಟ್ಟಿಕೊಂಡರು. ಅವರೂ ಕೂಲಿಗಳೇ, ಅವರನ್ನೂ ಊರಿನವರು ತಾತ್ಸಾರದಿಂದಲೇ ಕಂಡರು. ಆದರೆ ಅವರು ಬಿಳಿಯರು, ಆ ದೇಶದ ಪೌರರು. ನೆಲ ಕೊಳ್ಳಲು ಕಾಯಿದೆ ಅಡ್ಡಬರಲಿಲ್ಲ. ಆದ್ದರಿಂದ ಕೆಲವೇ ವರ್ಷಗಳಲ್ಲಿ ನೆಲೆಯೂರಿದರು. ಅಲಿಸಾಲ್ 1963ರಲ್ಲಿ ಸಲೀನಾಸ್ ನಗರಕ್ಕೆ ಸೇರಿತು. ಇಂದು ಅಲ್ಲಿ ಇರುವವರು ಬಹುಮಟ್ಟಿಗೆ ಮೆಕ್ಸಿಕೋ ಮೂಲದವರು. ಮನೆಗಳಲ್ಲಿ ಜನ ಕಿಕ್ಕಿರಿದಿದ್ದಾರೆ.

1942ರಿಂದ 1964ರವರೆಗೆ ‘ಬ್ರಸೆರೋ’ ಎಂಬ ಏರ್ಪಾಡಿನಂತೆ ಮೆಕ್ಸಿಕೋದ ಗಂಡಾಳುಗಳನ್ನು ಕರಾರಿನ ಮೇಲೆ ತರಿಸಲಾಗುತ್ತಿತ್ತು. ಅವರಿಗೆ ಮಾಲಿಕರ ಬಿಡಾರಗಳೇ ವಾಸ, ಹೆಂಡಿರುಮಕ್ಕಳು ಊರಿನಲ್ಲಿ. 1963ರ ಸೆಪ್ಟೆಂಬರ್ 17ರಂದು ಚುವಲಾರ್ ಎಂಬಲ್ಲಿ, ಲಾರಿಯ ಮೇಲೆ ಬೆಂಚು ಹಾಕಿ ಮಾಡಿದ ಬಸ್ಸೊಂದು ಹೊಲದಿಂದ ಬಿಡಾರಕ್ಕೆ ಆಳುಗಳನ್ನು ಒಯ್ಯುತ್ತಿರುವಾಗ ಗೂಡ್ಸ್ ರೈಲು ಬಡಿದು 32 ಮಂದಿ ಮಡಿದರು. ಕರಾರಿನ ಏರ್ಪಾಡು ಮರುವರ್ಷದ ಕೊನೆಗೆ ನಿಂತಿತು. 1970ರಲ್ಲಿ ಸೀಸರ್ ಚಾವೆಸ್ ಅವರ ಸಂಘ ಈ ಕಣಿವೆಯಲ್ಲಿ ದೊಡ್ಡ ಮುಷ್ಕರ ಹೂಡಿತು. ಆ ಡಿಸೆಂಬರಿನಲ್ಲಿ ಚಾವೆಸ್ ಸಲೀನಾಸಿನ ಸೆರೆಮನೆಯಲ್ಲಿದ್ದರು. 1975ರಲ್ಲಿ ಕೃಷಿ ಕಾರ್ಮಿಕರಿಗೆ ಸಂಘದ ಹಕ್ಕನ್ನು ಪ್ರಾಂತ ಸರಕಾರ ಕಾಯಿದೆಯಿಂದ ಒಪ್ಪಿತು. ಕೂಲಿ ಏರಿತು, ನಿಜ. ಆದರೆ ಆ ಕಾಲದಲ್ಲಿಯೇ ಮಾಲಿಕರು ಬಿಡಾರಗಳನ್ನು ಒಂದೊಂದಾಗಿ ಮುಚ್ಚತೊಡಗಿದರು. ಹೊಲಸು ಬಿಡಾರವಾದರೂ ಅದೊಂದು ಸೂರಾಗಿತ್ತು. ಇನ್ನು ಕೂಲಿಕಾರನು ಪೇಟೆಯ ಬಾಡಿಗೆಯನ್ನು ತಾನೇ ಎದುರಿಸಬೇಕಾಯಿತು. ಹೀಗೆ ಹೊರದೂಡಲ್ಪಟ್ಟ ಕೆಲವು ಸಂಸಾರಗಳು ಹಳೆಯ ಬಿಡಾರವೊಂದನ್ನು ಕೊಂಡು, 1970ರ ದಶಕದಲ್ಲಿ ಸಾನ್ ಹೆರಾರ್ದೋ ಎಂಬ ಸಹಕಾರಿ ಕೇರಿಯನ್ನು ಕಟ್ಟಿದವು. ಅರುವತ್ತರಷ್ಟು ಮನೆಗಳು, ಹೊಲಗಳ ನಡುವೆ. ಈ ಕಣಿವೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದುದು ಇದೇ. ಆದರೆ ಅಲ್ಲಿಯ ಬಾವಿಗಳಿಗೆ ಹೊಲದ ಗೊಬ್ಬರದ ನೈಟ್ರೇಟ್ ಇಳಿದು, ನೀರು ಕುಡಿಯಲು ಬಾರದಂತಾಗಿ, ಶುದ್ಧವಾದ ಹೊಸ ಬಾವಿಗಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು.

ಹೆಚ್ಚು ಮನೆಗಳನ್ನು ಕಟ್ಟಬಾರದೇಕೆಂದು ವಾಚಕರು ಕೇಳಬಹುದು. 1950ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ತಮ್ಮ ಸಂವಿಧಾನಕ್ಕೆ 34ನೆಯ ವಿಧಿಯನ್ನು ಸೇರಿಸಿದರು: ಬಡವರಿಗಾಗಿ ಸಾರ್ವಜನಿಕ ಹಣದಿಂದ ಬಾಡಿಗೆ ಮನೆ ಕಟ್ಟಬೇಕಾದರೆ ಆಯಾ ಊರಿನವರ ಮತ ಪಡೆಯಬೇಕು. ಸಿರಿವಂತರ ಮನೆಗೆ ಇಂತಹ ಮತದಾನವಿಲ್ಲ. 1978ರಲ್ಲಿ ಅಂಗೀಕಾರವಾದ 13ನೆಯ ಸೂಚನೆಯು ಮನೆತೆರಿಗೆಯನ್ನು ಬೆಲೆಯ ನೂರಕ್ಕೆ ಒಂದರಷ್ಟಕ್ಕೆ ಕಟ್ಟಿಹಾಕಿ, ಮನೆ ಮಾರಾಟವಾಗುವತನಕ ತೆರಿಗೆಯ ಲೆಕ್ಕದ ಬೆಲೆ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಕೂಡದೆಂದಿತು. ಹಳೆಯ ಒಡೆಯನಿಗೆ ಇದು ವರ. ಹೊಸದಾಗಿ ಕೊಳ್ಳುವವನು ಪಕ್ಕದ ಮನೆಯವನಿಗಿಂತ ಹಲವು ಪಟ್ಟು ತೆರಿಗೆ ತೆರಬೇಕು. ಇನ್ನು ಮಾಂಟೆರೆಯ ಕಡಲಂಚಿನಲ್ಲಿ ನೀರಿನ ಅಡ್ಡಿ. ಕಾರ್ಮೆಲ್ ಹೊಳೆಯಿಂದ ಹಕ್ಕಿಗೆ ಮೀರಿ ನೀರೆತ್ತುತ್ತಿದ್ದುದನ್ನು ತಗ್ಗಿಸಬೇಕೆಂದು 1995ರಲ್ಲಿ ಆಜ್ಞೆಯಾಯಿತು. 2009ರಲ್ಲಿ ಇನ್ನೂ ಬಿಗಿಯಾದ ಆಜ್ಞೆ ಬಂದು ಹೊಸ ನಲ್ಲಿಗಳಿಗೆ ತಡೆ ಬಿತ್ತು. ಹೊಳೆಯ ಮೀನು ಉಳಿಯಬೇಕಾದುದು ಯುಕ್ತವೇ. ಆದರೂ ತಡೆಯ ಭಾರವೆಲ್ಲ ಇನ್ನೂ ಮನೆಯಿಲ್ಲದವನ ಮೇಲೆಯೇ ಬೀಳುತ್ತದೆ.

ಇತ್ತೀಚಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬಹುದು. 2024ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಗಂಟೆಗೆ 16 ಡಾಲರು. ವರ್ಷಕ್ಕೆ ಬಿಡುವಿಲ್ಲದೆ 2,000 ಗಂಟೆ ದುಡಿದರೆ 32,000 ಡಾಲರು. ಆ ಕೌಂಟಿಯಲ್ಲಿ ಸಾಧಾರಣ ಮನೆಯ ಬೆಲೆ 8,00,000 ಡಾಲರುಗಳಿಗೂ ಮೇಲೆ. ಉಣ್ಣದೆ ಉಡದೆ ಕೂಡಿಸಿದರೂ ಇಪ್ಪತ್ತೈದು ವರ್ಷ! ಅದೂ ಹೊಲದ ಕೆಲಸ ವರ್ಷವಿಡೀ ಇರುವುದಿಲ್ಲ. ಚಳಿಗಾಲದಲ್ಲಿ ಲೆಟಿಸ್ ಬೆಳೆ ಅರಿಜೋನಾದ ಯೂಮಾಕ್ಕೆ ಹೋಗುತ್ತದೆ, ಅದರ ಹಿಂದೆ ಆಳುಗಳೂ, ಎಷ್ಟೋ ವೇಳೆ ಮಕ್ಕಳೂ. 2018ರಲ್ಲಿ ಪ್ರಕಟವಾದ ಪರಿಶೀಲನೆಯೊಂದು, ಸಲೀನಾಸ್ ಮತ್ತು ಪಹಾರೋ ಕಣಿವೆಗಳಲ್ಲಿ ಸುಮಾರು 91,000 ಕೃಷಿ ಕಾರ್ಮಿಕರಿರುವರೆಂದೂ, ಇಕ್ಕಟ್ಟು ನೀಗಬೇಕಾದರೆ 45,000ಕ್ಕೂ ಹೆಚ್ಚು ಮನೆಗಳು ಬೇಕೆಂದೂ ಲೆಕ್ಕ ಹಾಕಿತು. ಬಡತನದಿಂದ ಪರರ ಮನೆಯಲ್ಲಿ ಸೇರಿಕೊಂಡಿರುವ ಮಗುವನ್ನೂ ಆ ದೇಶದ ಶಾಲಾ ಕಾಯಿದೆ ನೆಲೆಯಿಲ್ಲದ ಮಗುವೆಂದೇ ಎಣಿಸುತ್ತದೆ. ಸಲೀನಾಸಿನ ಶಾಲೆಗಳಲ್ಲಿ ಅಂತಹ ಮಕ್ಕಳು ಒಬ್ಬಿಬ್ಬರಲ್ಲ. ಮನೆಪಾಠ ಬರೆಯಲು ಮೇಜಿರಲಿ, ಕೂರಲು ಮೂಲೆಯಿಲ್ಲದ ಹುಡುಗನಿಗೆ ಯಾವ ಮನೆಪಾಠ ಕೊಡುವುದೆಂಬ ಚಿಂತೆ ಅಲ್ಲಿಯ ಉಪಾಧ್ಯಾಯರದು.

ಮಾಲಿಕರಲ್ಲಿಯೂ ಕೆಲವರು ಎಚ್ಚತ್ತಿದ್ದಾರೆ. 2016ರಲ್ಲಿ ಸ್ಪ್ರೆಕೆಲ್ಸ್ ಊರಿನ ಬಳಿ ಟ್ಯಾನಿಮುರಾ ಅಂಡ್ ಆಂಟಲ್ ಎಂಬ ಬೇಸಾಯದ ಕಂಪೆನಿ 800 ಆಳುಗಳಿಗೆ ವಸತಿ ಕಟ್ಟಿಸಿತು. ಊರಿನವರು ಮೊದಲು ವಿರೋಧಿಸಿದ್ದರು. ಆದರೆ ಪರದೇಶದಿಂದ ಋತುವಿಗೊಮ್ಮೆ ತರಿಸುವ ಆಳಿಗೆ ಮಾಲಿಕನೇ ಪುಕ್ಕಟೆ ವಸತಿ ಕೊಡತಕ್ಕದ್ದೆಂಬ ಕಾಯಿದೆಯಿಂದ ಇನ್ನೊಂದು ತೊಡಕು ಹುಟ್ಟಿತು: ವಸತಿ ಕಟ್ಟಿಸದ ಮಾಲಿಕರು ಪೇಟೆಯ ಮನೆಗಳನ್ನೇ ಸಗಟಾಗಿ ಬಾಡಿಗೆಗೆ ಹಿಡಿದರು, ಹಿಂದಿನಿಂದ ಇದ್ದ ಕೂಲಿ ಸಂಸಾರಗಳಿಗೆ ಮನೆ ಇನ್ನಷ್ಟು ದುಬಾರಿಯಾಯಿತು.

ಕೌಂಟಿಯ ಬಡಗಣ ಅಂಚಿನಲ್ಲಿ ಪಹಾರೋ ಎಂಬ ಸಣ್ಣ ಊರಿದೆ. ಅಲ್ಲಿರುವವರು ಬಹುಪಾಲು ಹೊಲದ ಕೂಲಿಗಳು. 1949ರಲ್ಲಿ ಕಟ್ಟಿದ ಹೊಳೆಯ ಒಡ್ಡು ದುರ್ಬಲವೆಂದು ಸೈನ್ಯದ ಇಂಜಿನಿಯರರಿಗೆ ದಶಕಗಳಿಂದ ತಿಳಿದಿತ್ತು. 1995ರಲ್ಲಿ ಒಮ್ಮೆ ಊರು ಮುಳುಗಿಯೂ ಇತ್ತು. ಆದರೆ ಒಡ್ಡಿನ ವೆಚ್ಚಕ್ಕೂ ಅದರಿಂದ ಉಳಿಯುವ ಆಸ್ತಿಯ ಬೆಲೆಗೂ ತಾಳೆ ನೋಡುವುದು ಅವರ ಇಲಾಖೆಯ ಪದ್ಧತಿ. ಬಡವರ ಮನೆಗಳ ಬೆಲೆ ಕಡಿಮೆಯಾದ್ದರಿಂದ ಆ ತಾಳೆ ಬಹುಕಾಲ ಕೂಡಿಬರಲಿಲ್ಲ. 2023ರ ಮಾರ್ಚ್ 11ರ ಬೆಳಗಿನ ಜಾವಕ್ಕೆ ಮುಂಚೆಯೇ ಒಡ್ಡು ಒಡೆದು ಊರೆಲ್ಲ ನೀರಾಯಿತು. ಅತಿ ಕಡಿಮೆ ಬೆಲೆಯೆಂದು ಲೆಕ್ಕಕ್ಕೆ ಬಾರದೆ ಹೋದ ಆ ಮನೆಗಳಿಗೆ, ನೀರು ಇಳಿದ ಮೇಲೆ ಹಿಂದಿರುಗಲು, ಅಲ್ಲಿಯ ಕೂಲಿಗಳಿಗೆ ಬೇರೆ ಮನೆಯ ಬಾಡಿಗೆ ಕೊಡುವ ಶಕ್ತಿಯಿಲ್ಲದಿದ್ದುದೇ ಕಾರಣವಾಯಿತು.